ಮೇಡಮ್‌ಗೆ ಬೇಡ ಅನ್ನುವುದು

ನಮ್ಮ ಮೇಡಮ್ ಎರಡನೆಯ ಸಲ ನಿವೃತ್ತರಾಗಿದ್ದಾರೆ. ಮೊದಲನೆಯ ಸಲ ದೂರವಾಣಿ ಇಲಾಖೆಯಿಂದ. ಅಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಭಾಷಣ ಮಾಡಿ ಕಳಿಸಿದರಂತೆ. ವಯಸ್ಸಾಯಿತೆಂದು ಸರಕಾರವೇ ಬಿಟ್ಟುಕೊಟ್ಟಿತು, ಕೇಳುವ ಕಷ್ಟವಿರಲಿಲ್ಲ. ಎರಡನೆಯ ನಿವೃತ್ತಿ ನಮ್ಮಿಂದ. ಇದಕ್ಕೆ ಹಾರವಿಲ್ಲ, ಸಂಬಳವಂತೂ ಮೊದಲೇ ಇರಲಿಲ್ಲ. ಆದರೂ ಇದನ್ನು ಪಡೆಯಲು ಅವರು ನಮ್ಮನ್ನು ಎಷ್ಟು ಕೇಳಿಕೊಂಡರು, ನಾವು ಎಷ್ಟು ಸತಾಯಿಸಿದೆವು ಎಂದು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಸಿಟ್ಟು ನನಗೆ ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬೀದರಿನ ಮೈಲೂರಿನಲ್ಲಿ ಅವರ ಮನೆ. ಇಲಾಖೆ ಬಿಟ್ಟ ಮೇಲೆ ಸುಮ್ಮನೆ ಕೂಡಲಾರದೆ ಅವರು ಒಂದು ತಂತ್ರಾಂಶ ಬರೆಯಲು ಶುರು ಮಾಡಿದ್ದರು. ಯಾವ ಊರಿಂದ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಹೇಳುವ ತಂತ್ರಾಂಶ. ಮೊಬೈಲಿಗೆ ಒಂದು ಸಲ ಇಳಿಸಿಕೊಂಡರೆ ಸಾಕು, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಅದರ ಕೋಡನ್ನು ಅವರು ಮುಚ್ಚಿಡಲಿಲ್ಲ, ಎಲ್ಲರಿಗೂ ತೆರೆದಿಟ್ಟರು. ಓಪನ್ ಸೋರ್ಸ್ ಅಂದರೆ ಅಷ್ಟೇ: ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆದರೆ ಕಳಿಸಿದ್ದು ನೇರವಾಗಿ ಒಳಗೆ ಹೋಗುವುದಿಲ್ಲ. ಬರೆದವರನ್ನು ಬಿಟ್ಟು ಇನ್ನೊಬ್ಬರು ಕೂತು ಸಾಲು ಸಾಲಾಗಿ ಓದಿ, ಸರಿ ಇದೆ ಎಂದ ಮೇಲೆ ಮಾತ್ರ ಸೇರಿಸುವುದು. ಹೀಗೆ ಓದುವುದಕ್ಕೆ ನಾವು ರಿವ್ಯೂ ಅನ್ನುತ್ತೇವೆ. ಯಾರ್ಯಾರೋ ಊರೂರುಗಳಿಂದ ತಮ್ಮ ತಮ್ಮ ಬಸ್ಸುಗಳನ್ನು ಸೇರಿಸುತ್ತ ಹೋದರು. ಮುಖ ಕಾಣದವರು ಬಹಳ ಮಂದಿ. ಐತವಾರಕ್ಕೊಮ್ಮೆ ಮೈಲೂರಿನ ಮನೆಯಲ್ಲಿ ಸೇರುತ್ತಿದ್ದವರು ಮಾತ್ರ ನಾವು ಮೂವರು. ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಇನ್ನೊಬ್ಬರು ಔರಾದಿನ ಹೈಸ್ಕೂಲು ಮೇಷ್ಟ್ರು. ಮತ್ತೊಬ್ಬರು ಬೀದರಿನಲ್ಲೇ ಮೊಬೈಲ್ ಅಂಗಡಿ ಇಟ್ಟುಕೊಂಡವರು, ಅವರನ್ನು ನಾವು ಭಾಯ್ ಅನ್ನುತ್ತೇವೆ.

ಸೇರಿಸುವ ಅಧಿಕಾರ ಇದ್ದುದು ಮೇಡಮ್ ಒಬ್ಬರಿಗೇ. ಅದನ್ನು ಕೈಬಿಟ್ಟು ಅವರಿಗೆ ಎಕಂಬಾಕ್ಕೆ ಹೋಗಬೇಕಾಗಿತ್ತು. ಎಕಂಬಾ ಔರಾದ ತಾಲ್ಲೂಕಿನ ಅವರ ಹುಟ್ಟೂರು. ಅಲ್ಲಿ ಅವರ ಅಕ್ಕ ಹೊಲ ಮಾಡಿಸುತ್ತಾರೆ, ಗಟ್ಟಿ ಹೆಂಗಸು. ಸಣ್ಣವರಿದ್ದಾಗ ಒಂದೇ ಕೌದಿಯಲ್ಲಿ ಮಲಗಿದ ಅಕ್ಕತಂಗಿಯರು. ಓದು, ನೌಕರಿ, ವರ್ಗ ಎಂದು ತಂಗಿ ಊರೂರು ಸುತ್ತಿದ್ದೇ ಆಯಿತು. ಇನ್ನಾದರೂ ಒಂದೇ ಮನೆಯಲ್ಲಿ ಇರೋಣ ಬಾ ಎಂದು ಅಕ್ಕ ಪ್ರತಿ ಫೋನಿನಲ್ಲೂ ಕರೆಯುತ್ತಿದ್ದರು. ಮೇಡಮ್‌ಗೂ ಅದೇ ಆಸೆ. ‘ಲ್ಯಾಪ್‌ಟಾಪ್ ಅಲ್ಲಿಗೇ ಒಯ್ಯಬಹುದಲ್ಲ’ ಎಂದು ನಾನೊಮ್ಮೆ ಹೇಳಿದ್ದೆ.

“ಅಲ್ಲಿ ಹೋಗಿನೂ ಇದನ್ನೇ ನೋಡ್ಕೋತ ಕುಂತ್ರ ಅಕ್ಕ ಬಾರಕೋಲು ತಗೋತಾಳ್ರಿ” ಅಂದರು. “ಹೋದ್ರ ಪೂರಾ ಹೋಗಬೇಕು. ಖರೇ, ಬಸ್ ಸ್ಟ್ಯಾಂಡಿನ್ಯಾಗ ಮಂದಿ ಇದನ್ನ ನಂಬಿ ನಿಂತಾರ. ಯಾರ ಕೈಯಾಗ ಕೊಡಬೇಕು? ನಾ ಕಳಿಸಿದ್ದನ್ನ ಓದಿ, ತಪ್ಪಿದ್ರ ‘ಬ್ಯಾಡ’ ಅಂತ ನನಗೇ ಅನ್ನೋರು ಒಬ್ಬರು ಬರಲಿ, ಮರುದಿನಾನೇ ಗಂಟು ಕಟ್ತೇನಿ.”

ಇಷ್ಟೇ ಅವರ ಷರತ್ತು. ಕೇಳಲು ಸುಲಭ. ಆದರೆ ನಮ್ಮಲ್ಲಿ ಯಾರಿಗೂ ಆ ಎರಡಕ್ಷರ ಬಾಯಿಂದ ಹೊರಡಲಿಲ್ಲ.

ಯಾಕೆ ಹೊರಡಲಿಲ್ಲ ಎಂದರೆ, ನಮ್ಮೆಲ್ಲರನ್ನೂ ಈ ಕೆಲಸಕ್ಕೆ ಹಚ್ಚಿದವರೇ ಅವರು. ನನ್ನ ಮೊದಲ ಬದಲಾವಣೆ ಈಗಲೂ ಕಣ್ಣ ಮುಂದಿದೆ. ಭಾಲ್ಕಿಯ ಬಸ್ಸುಗಳು ಎರಡೆರಡು ಸಲ ಕಾಣಿಸುತ್ತಿದ್ದವು, ಅದನ್ನು ಸರಿಪಡಿಸಿದೆ. ಸರಿಪಡಿಸುವಾಗ ಅಕ್ಕಪಕ್ಕದ ಕೋಡ್ ಕೂಡ ಅಸ್ತವ್ಯಸ್ತವಾಗಿ ಕಂಡಿತು. ಕಾಲೇಜಿನ ಮೇಷ್ಟ್ರಮ್ಮ ಅಲ್ಲವೇ, ಕೈ ಸುಮ್ಮನಿರಲಿಲ್ಲ. ಎಲ್ಲ ಕಡತಗಳನ್ನೂ ತೆಗೆದು, ಸಾಲು ನೇರ ಮಾಡಿ, ಹೆಸರು ಬದಲಿಸಿ, ಮಡಿಕೆ ಹಾಕಿ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕಳಿಸಿದೆ. ಭೇಷ್ ಅನ್ನುತ್ತಾರೆ ಎಂದು ಕಾಯುತ್ತ ಕೂತೆ. ಉತ್ತರ ಬಂತು:

“ಮನಿ ಕಸ ಹೊಡಿಯೂದು ಬ್ಯಾರೆ, ಗ್ವಾಡಿ ಕೆಡವೂದು ಬ್ಯಾರೆ. ಎರಡೂ ಒಮ್ಮೆಲೇ ಮಾಡಿದ್ರ ಏನು ಬಿತ್ತು ಅಂತ ನಾ ಹ್ಯಾಂಗ ನೋಡ್ಲಿ? ಬಿಡಿಸಿ ಬಿಡಿಸಿ ಕಳಸ್ರಿ. ಭಾಲ್ಕಿ ಬಸ್ಸಿನ ತಪ್ಪು ಹಿಡದದ್ದು ಛಂದ ಅದ.”

ಕೊನೆಯ ಸಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮೈಯೆಲ್ಲ ಉರಿಯಿತು. ಯಾರೀಕೆ, ಪುಕ್ಕಟೆ ಕೆಲಸ ಮಾಡಿಕೊಟ್ಟವಳ ಮುಂದೆ ಇಷ್ಟು ದಿಮಾಕೇ ಎಂದು ಬಸ್ಸು ಹತ್ತಿ ನೇರ ಮೈಲೂರಿಗೇ ಹೋದೆ. ಬಾಗಿಲು ತೆಗೆದವರು ಗಿಡ್ಡನೆಯ, ದುಂಡು ಮುಖದ ಹೆಂಗಸು. ಕೈಗೆಲ್ಲ ಹಿಟ್ಟು ಮೆತ್ತಿತ್ತು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ ಮುಗಿಸುವುದರೊಳಗೆ “ಬರ್ರಿ ಬರ್ರಿ, ರೊಟ್ಟಿ ಸುಡ್ಲಿಕತ್ತದ, ಜಗಳಾ ಒಳಗ ಮಾಡೋಣ” ಎಂದು ಅಡುಗೆಮನೆಗೆ ಕರೆದೊಯ್ದರು. ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಬಾಯಿ ತುಂಬ ರೊಟ್ಟಿ ಇದ್ದರೆ ಎಷ್ಟಂತ ಜಗಳ ಆಡುವುದು? ಊಟ ಮುಗಿದ ಮೇಲೆ ನನ್ನ ಗಂಟನ್ನು ತೆರೆದು ನನ್ನ ಮುಂದೆಯೇ ಓದಿದರು. ಅವರು ಕೋಡನ್ನು ಕಣ್ಣಲ್ಲಿ ಓದುವುದಿಲ್ಲ, ಬಾಯಲ್ಲಿ ಓದುತ್ತಾರೆ. ಬಲಗೈ ಹೆಬ್ಬೆರಳನ್ನು ಮೇಜಿಗೆ ಒತ್ತಿ ಹಿಡಿದು, “ಬಸ್ ಇದ್ರ ಇದನ್ನ ಮಾಡು, ಇಲ್ಲಂದ್ರ ಇದನ್ನ ಮಾಡು, ಹ್ಞಾಂ, ಮುಂದ?” ಎಂದು ಪಕ್ಕದಲ್ಲಿ ಕೂತವರಿಗೆ ಕಥೆ ಹೇಳಿದಂತೆ ಹೇಳುತ್ತ ಹೋಗುತ್ತಾರೆ. ಎಲ್ಲಿ ಹೆಬ್ಬೆರಳು ಸರಿಯುತ್ತದೋ ಅಲ್ಲಿ ತಪ್ಪಿದೆ ಎಂದು ಅರ್ಥ. ನನ್ನ ಕೋಡಿನಲ್ಲಿ ಅದು ಮೇಜಿನ ತುಂಬ ಓಡಾಡಿತು. ನಾನು ಹೆಸರು ಬದಲಿಸಿದ ಭರದಲ್ಲಿ ಔರಾದಿನ ಅರ್ಧ ಬಸ್ಸುಗಳು ಮಾಯವಾಗಿದ್ದವು.

“ಹೆದರಬ್ಯಾಡ್ರಿ” ಅಂದರು ನನ್ನ ಮುಖ ನೋಡಿ. “ಇಲ್ಲಿ ಒಂದು ಸುಖಾ ಅದ. ಯಾರು ಯಾವಾಗ ಏನು ಬದಲ ಮಾಡಿದ್ರು, ಯಾಕ ಮಾಡಿದ್ರು, ಎಲ್ಲಾ ಉಳದಿರ್ತದ. ಕೆಟ್ಟರ ನಿನ್ನಿ ಹ್ಯಾಂಗಿತ್ತೋ ಹಾಂಗ ಮಾಡ್ಕೋಬಹುದು. ಬಾಳಿನ್ಯಾಗ ಈ ಸೌಲತ್ತು ಇಲ್ರಿ.”

ಬಿಡಿಸಿ ಬಿಡಿಸಿ ಕಳಿಸಿದೆ. ಭಾಲ್ಕಿ ಬಸ್ಸಿನ ತಿದ್ದುಪಡಿ ಒಳಗೆ ಹೋಯಿತು. ಯಾರದೇ ಮೊದಲ ಬದಲಾವಣೆ ಸೇರಿದರೂ ಮೇಡಮ್ ಅವರ ಮನೆಗೆ ಫೋನು ಮಾಡಿ ಮನೆಯ ಹಿರಿಯರಿಗೆ ಸುದ್ದಿ ತಿಳಿಸುತ್ತಾರೆ, ಅದು ಅವರ ಪದ್ಧತಿ. ನಮ್ಮ ಮನೆಯಲ್ಲಿ ಫೋನು ಎತ್ತಿದ್ದು ಅತ್ತೆ. “ನಿಮ್ಮ ಸೊಸಿ ಬರದದ್ದು ಇವತ್ತ ಒಳಗ ಹೋತ್ರಿ, ಭಾಳ ಶಾಣ್ಯಾ ಇದ್ದಾಳ” ಎಂದರಂತೆ. ನಾನು ಸಂಜೆ ಮನೆಗೆ ಬರುವಷ್ಟರಲ್ಲಿ ಅತ್ತೆ ಓಣಿಗೆಲ್ಲ ಸುದ್ದಿ ಹಬ್ಬಿಸಿ, ಸಿಹಿಗೆಂದು ಸಜ್ಜಕ ಮಾಡಿಟ್ಟಿದ್ದರು. ಏನು ಒಳಗೆ ಹೋಯಿತು, ಎಲ್ಲಿ ಹೋಯಿತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಹೆಮ್ಮೆ ಪಡುತ್ತಾರೆ, ಪಾಪ.

ಮೇಡಮ್ ಮೇಜಿನ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತೆಯೇ ಅಲ್ಲ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ. ಕೆಳಗೆ ಹಳೆಯ ದೊಡ್ಡ ಮಾನಿಟರು. ಆ ಮಾನಿಟರಿನ ಮೇಲ್ಗಡೆ ಎಡ ಮೂಲೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಚ್ಚಿಸಿದ ಒಂದು ದಪ್ಪ ಕಾಗದದ ಪಟ್ಟಿ. ಯಾರದೋ ಮದುವೆ ಕಾರ್ಡಿನಿಂದ ಕತ್ತರಿಸಿದ್ದು. ಅದರ ಮೇಲೆ ಬಂಗಾರದ ಬಣ್ಣದಲ್ಲಿ ‘ಸುಖಾಗಮನ ಬಯಸುವವರು’ ಎಂದು ಅಚ್ಚಾಗಿತ್ತು, ಬಯಸಿದವರು ಯಾರೆಂಬುದು ಕತ್ತರಿಗೆ ಹೋಗಿತ್ತು. ಬದಲಾವಣೆಯೊಂದನ್ನು ತೆರೆದಾಗ ಕಳಿಸಿದವರ ಹೆಸರು ಬರುವ ಜಾಗ ಅದು. ಮೇಡಮ್ ಪೂರ್ತಿ ಓದಿ, ಉತ್ತರ ಬರೆದು ಮುಗಿಸುವ ತನಕ ಆ ಪಟ್ಟಿಯನ್ನು ಎತ್ತುತ್ತಿರಲಿಲ್ಲ. ಹೀಗಾಗಿ ಜಗತ್ತಿನ ಯಾವ ಮೂಲೆಯಿಂದ ಯಾರೇ ಕಳಿಸಿರಲಿ, ಅವರ ಕಣ್ಣಿಗೆ ಅದನ್ನು ಕಳಿಸಿದವರು ಸುಖಾಗಮನ ಬಯಸುವವರೇ.

ಮೊದಲ ಸಲ ನೋಡಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವರೂ ನಕ್ಕರು. ಆಮೇಲೆ ಚಹಾ ಸೋಸುತ್ತ ಹೇಳಿದರು.

“ನಾ ಕಾಲೇಜಿನ್ಯಾಗ ಇದ್ದಾಗ ಡ್ರಾಯಿಂಗ್ ಶೀಟ್ ಕೊಡ್ತಿದ್ದೇವಲ್ರಿ, ಹಾಳಿ ಬಿಚ್ಚೂದಕಿಂತ ಮೊದಲ ಮಾಸ್ತರು ಮೂಲ್ಯಾಗಿನ ಹೆಸರು ಓದೋರು. ಓದಿ ನನ್ನ ಮಾರಿ ನೋಡೋರು. ಆಮ್ಯಾಲ ಹಾಳಿ ಬಿಚ್ಚೋರು. ಅಷ್ಟರಾಗ ಮಾರ್ಕ್ಸ್ ಮುಗದಿರ್ತಿದ್ವು. ಎಲ್ಲರೂ ಅಲ್ಲ, ಒಬ್ಬಿಬ್ಬರು. ಖರೇ, ಒಬ್ಬಿಬ್ಬರು ಸಾಕಲ್ರಿ.”

ದನಿಯಲ್ಲಿ ಕಹಿಯಿರಲಿಲ್ಲ. ಸಕ್ಕರೆ ಸಾಕೋ ಇನ್ನಷ್ಟು ಬೇಕೋ ಎಂದು ಕೇಳಿ ಮಾತು ಮುಗಿಸಿದರು.

ಅವರು ಯಾರನ್ನೂ ಬೈದವರಲ್ಲ. “ನಿಮ್ಮ ಮ್ಯಾಲ ಸಿಟ್ಟಿಲ್ರಿ, ಈ ಲೈನಿನ ಮ್ಯಾಲ ಅದ” ಅನ್ನುತ್ತಿದ್ದರು. ಆದರೆ ಹೆಸರಿಡುವ ವಿಷಯದಲ್ಲಿ ಮಾತ್ರ ತಾಳ್ಮೆ ಇರಲಿಲ್ಲ. ಕೋಡ್ ಬರೆಯುವಾಗ ಪ್ರತಿ ಸಣ್ಣ ಲೆಕ್ಕಕ್ಕೂ ಒಂದು ಹೆಸರಿಡಬೇಕಾಗುತ್ತದೆ. ಅವಸರಕ್ಕೆ ನಾವು ‘ಹೊಸದು’, ‘ಹೊಸದು ಎರಡು’ ಎಂದು ಏನೋ ಇಟ್ಟು ಮುಂದೆ ಹೋಗಿಬಿಡುತ್ತೇವೆ. ಭಾಯ್ ಒಮ್ಮೆ ಹೀಗೆ ಇಟ್ಟು ಕಳಿಸಿದ್ದಕ್ಕೆ, “ಭಾಯ್, ನಿಮ್ಮ ಮಕ್ಕಳಿಗೆ ಒಂದನೇದು ಎರಡನೇದು ಅಂತೀರೇನು? ಹೆಸರು ಕೂಗಿದ್ರ ಯಾರು ಬರ್ತಾರ ಅಂತ ತಿಳೀಬೇಕಲ್ರಿ” ಅಂದಿದ್ದರು. ಭಾಯ್ ಗಡ್ಡ ಕೆರೆದುಕೊಂಡು, “ಮೇಡಮ್, ಇಷ್ಟು ಬೇಇಜ್ಜತಿ ನಮ್ಮ ಅಮ್ಮೀನೂ ಮಾಡಿಲ್ಲ” ಅಂದಿದ್ದರು.

ಈಗ ಹೇಳುವ ಸಂಗತಿ ನಡೆದದ್ದು ಹೀಗೆ. ಒಂದು ಐತವಾರ ನಾವು ಮೂವರೂ ಚುರುಮುರಿ ಸುಸಲಾ ತಿನ್ನುತ್ತ ಕೂತಿದ್ದೆವು. ಮೇಡಮ್ ಮೇಜಿನ ಮುಂದೆ ಕೂತು, ಓದಿಸಿಕೊಳ್ಳಲು ಕಾದಿದ್ದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ತೆರೆದರು. ಗಟ್ಟಿಯಾಗಿ ಓದಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೇ ಹೆಬ್ಬೆರಳು ಸರಿಯತೊಡಗಿತು.

“ಅರೆ, ಇದೇನ್ರಿ ಇದು? ‘ಹೊಸದು’ ಅಂತ ಇಟ್ಟಾರ. ಕೆಳಗ ಮತ್ತ ‘ಹೊಸದು ಎರಡು’. ಇಷ್ಟು ವರ್ಷ ನಾ ಬಡಕೊಂಡಿದ್ದು ಖಾಲಿಪೀಲಿ ಹೋತೇನು? ಇಲ್ಲಿ ನೋಡ್ರಿ, ಒಂದೇ ಲೆಕ್ಕ ಎರಡು ಕಡಿ ಮಾಡ್ಯಾರ. ಯಾರ್ರೀ ಈ ಪುಣ್ಯಾತ್ಮರು? ಜರಾನಾದ್ರೂ ಕುಂತು ವಿಚಾರ ಮಾಡಿ ಬರದಾರೇನು?”

ಅಷ್ಟನ್ನೂ ಸ್ವಲ್ಪ ಮೆತ್ತಗೆ ಮಾಡಿ ಟೈಪ್ ಮಾಡಿದರು. ಬೇಡ, ತಿದ್ದಿ ಕಳಿಸಿ ಎಂದು ಬರೆದು ಗುಂಡಿ ಒತ್ತಿ, ಪಟ್ಟಿ ಎತ್ತಿದರು.

ಅವರದೇ ಹೆಸರಿತ್ತು.

ಎರಡು ತಿಂಗಳ ಹಿಂದೆ, ಅಕ್ಕನ ಜೊತೆ ಯಾವುದೋ ಮದುವೆಗೆ ಹೊರಟ ಗಡಿಬಿಡಿಯಲ್ಲಿ ಬರೆದು ಕಳಿಸಿ ಮರೆತೇಬಿಟ್ಟಿದ್ದರು. ಕೋಡ್ ಬರೆಯುವವರಿಗೆ ಇದು ಹೊಸದಲ್ಲ, ನಾವು ಬರೆದದ್ದೇ ನಮಗೆ ಪರರದ್ದಾಗಿ ಕಾಣುತ್ತದೆ. ಭಾಯ್ ಬಾಯಲ್ಲಿದ್ದ ಸುಸಲಾ ಹೊರಗೆ ಬರುವಷ್ಟು ನಕ್ಕರು. ನಾನು ಗೋಡೆ ಹಿಡಿದುಕೊಂಡು ನಕ್ಕೆ. ಮೇಡಮ್ ಕೂಡ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಯನ್ನು ಕೆಳಗೆ ಸರಿಸಿದರು. ಅಲ್ಲಿ ನಮ್ಮ ಔರಾದಿನ ಮೇಷ್ಟ್ರ ಮಾತಿತ್ತು: ‘ಭಾಳ ಛಂದ ಬರದೀರಿ ಮೇಡಮ್.’ ಅದರ ಕೆಳಗೆ ಭಾಯ್ ಒಂದು ಹೂವಿನ ಚಿತ್ರ ಹಾಕಿ, ‘ಏಕ್ ನಂಬರ್’ ಎಂದು ಬರೆದಿದ್ದರು. ಬರೆದು ಎರಡು ತಿಂಗಳಾಗಿತ್ತು.

ಮೇಡಮ್ ನಗು ನಿಲ್ಲಿಸಿದರು. ನಾವೂ ನಿಲ್ಲಿಸಿದೆವು.

“ನೀವು ಇದನ್ನ ಓದೇ ಇಲ್ಲ” ಅಂದರು. “ನನ್ನ ಹೆಸರು ಓದೀರಿ.”

ಮೇಷ್ಟ್ರು ಏನೋ ಹೇಳಲು ಹೋದರು. ಮೇಡಮ್ ಕೈ ಎತ್ತಿದರು.

“ಕೇಳ್ರಿ ಸರ್. ಒಂದು ಕಾಲಕ್ಕ ನನ್ನ ಹೆಸರಿನಿಂದ ನನ್ನ ಕೆಲಸಾ ಯಾರಿಗೂ ಕಾಣಲಿಲ್ಲ. ಈಗ ನನ್ನ ಹೆಸರಿನಿಂದ ನನ್ನ ತಪ್ಪು ಯಾರಿಗೂ ಕಾಣವಲ್ದು. ನನಗ ಎರಡೂ ಬ್ಯಾಡ್ರಿ. ಹಿಂಗಾದ್ರ ನಾ ಎಕಂಬಾಕ್ಕ ಹ್ಯಾಂಗ ಹೋಗ್ಲಿ?”

ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೇಷ್ಟ್ರು ಆ ದಿನ ಚಹಾ ಕುಡಿಯದೆ ಹೋದರು. ಒಳ್ಳೆಯ ಮನುಷ್ಯ ಅವರು, ಹಿರಿಯರಿಗೆ ಎದುರಾಡಬಾರದು ಎಂದು ಮನೆಯಲ್ಲಿ ಕಲಿಸಿದ್ದಾರೆ. ಇದು ಎದುರಾಡುವುದಲ್ಲ ಎಂದು ಅವರಿಗೆ ಹೇಳುವವರು ಯಾರು? ನನಗೂ ಒಳಗೊಳಗೆ ಅಳುಕಿತ್ತು. ಊರಿಗೆಲ್ಲ ಬಾಯಿ ಮಾಡುವ ನನಗೆ ಆ ಹೆಂಗಸಿನ ಎದುರು ನಾಲಗೆ ಏಳುತ್ತಿರಲಿಲ್ಲ.

ಅದಾಗಿ ಕೆಲವು ವಾರಗಳಿಗೆ ಮೇಡಮ್ ಒಂದು ಹೊಸ ಬದಲಾವಣೆ ಕಳಿಸಿದರು. ಕೆಲಸ ಸಣ್ಣದು. ಹೊತ್ತು ಮೀರಿದ ಬಸ್ಸುಗಳು ಪರದೆಯ ಮೇಲೆ ಸುಮ್ಮನೆ ಜಾಗ ತಿನ್ನುತ್ತಿದ್ದವು. ಅವರು ಬರೆದ ಹೊಸ ಕೋಡಿನಲ್ಲಿ ಬಸ್ಸಿನ ವೇಳೆ ಆದ ಕೂಡಲೇ ಅದು ಪರದೆಯಿಂದ ಅಳಿಸಿಹೋಗುತ್ತದೆ, ಮುಂದಿನದು ಮೇಲೆ ಬರುತ್ತದೆ. ಹೆಸರುಗಳು ಚೊಕ್ಕ, ಸಾಲುಗಳು ಚೊಕ್ಕ. ಕಾಲೇಜಿನಲ್ಲಿ ಪಾಠವಿಲ್ಲದ ಹೊತ್ತು ನಾನು ಅದನ್ನು ಓದಿದೆ. ಅವರ ಹಾಗೆಯೇ ಬಾಯಲ್ಲಿ ಓದಿದೆ. “ವೇಳೆ ಆತು, ಬಸ್ ಅಳಸು, ಹ್ಞಾಂ, ಮುಂದ?”

ಮುಂದೆ ಹೋಗಲಾಗಲಿಲ್ಲ. ನನ್ನ ಕಣ್ಣ ಮುಂದೆ ನಮ್ಮ ಕ್ರಾಸ್ ಬಂದು ನಿಂತಿತು.

ಭಾಲ್ಕಿ ಮತ್ತು ಬೀದರಿನ ನಡುವೆ ಒಂದು ಕ್ರಾಸಿನಿಂದ ಒಳಗೆ ನಮ್ಮ ಊರು. ನಾನು ದಿನಾ ಆ ಕ್ರಾಸಿನಲ್ಲಿ ನಿಂತು ಬಸ್ಸು ಹಿಡಿಯುವವಳು. ಬೀದರಿನಲ್ಲಿ ಬಸ್ಸು ಗಡಿಯಾರ ನೋಡಿ ಹೊರಡುತ್ತದೆ. ಆಮೇಲೆ ಅದಕ್ಕೆ ಗಡಿಯಾರ ಇಲ್ಲ. ಹೊಲದ ಬದುವಿನಿಂದ ಒಬ್ಬರು ಕೈ ಮಾಡುತ್ತಾರೆ, ನಿಲ್ಲುತ್ತದೆ. ಅಜ್ಜಿಯೊಬ್ಬಳು ‘ನಿಂದರಪ್ಪೋ’ ಎಂದು ಓಡಿ ಬರುತ್ತಾಳೆ, ಅವಳಿಗೂ ನಿಲ್ಲುತ್ತದೆ. ನಿಲ್ಲದೆ ಬಂದರೆ ನಾವೇ ಬಯ್ಯುತ್ತೇವೆ. ನಮ್ಮ ಕ್ರಾಸಿಗೆ ಬರುವಷ್ಟರಲ್ಲಿ ವೇಳೆ ಮೀರಿರುವುದೇ ರೂಢಿ, ಅದು ನಮಗೆಲ್ಲ ಗೊತ್ತು, ಯಾರಿಗೂ ಬೇಸರವಿಲ್ಲ. ಈಗ ಈ ಕೋಡ್ ಒಳಗೆ ಹೋದರೆ, ಇನ್ನೂ ಬರದ ಬಸ್ಸು ಮೊಬೈಲಿನಿಂದ ಹೊರಟುಹೋಗಿರುತ್ತದೆ. ಹೊಸಬರು ಬಸ್ಸು ತಪ್ಪಿತೆಂದು ನಡೆದುಬಿಡುತ್ತಾರೆ, ಹಿಂದಿನಿಂದ ಬಸ್ಸು ಬರುತ್ತದೆ.

ಕೆಳಗೆ ನೋಡಿದೆ. ಭಾಯ್ ಆಗಲೇ ಹೂವು ಹಾಕಿದ್ದರು. ಮೇಷ್ಟ್ರು ಈ ಸಲ ‘ಓದಿ ನೋಡೀನಿ, ಖರೇನೇ ಛಂದ ಅದ’ ಎಂದು ಬರೆದಿದ್ದರು. ನನಗೆ ಸಿಟ್ಟು ಏರಿತು. ಎಷ್ಟು ಏರಿತೆಂದರೆ ಅಳುಕು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಟೈಪ್ ಮಾಡಿದೆ:

“ಬ್ಯಾಡ್ರಿ ಮೇಡಮ್. ಇದು ಬಸ್ ಹೊರಡೋ ಊರಾಗ ಕುಂತು ಬರದದ್ದು. ನಡುದಾರ್ಯಾಗ ನಿಂತವರದು ಇದರಾಗ ಇಲ್ಲ.”

ಗುಂಡಿ ಒತ್ತಿದೆ. ಒತ್ತಿದ ಮೇಲೆ ಅಳುಕು ವಾಪಸು ಬಂತು. ಆ ದಿನ ಉತ್ತರವಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಫೋನು ಬಂತು. ದನಿ ಬಿಗಿಯಾಗಿತ್ತು.

“ಗಡಿಯಾರ ಸುಳ್ಳ ಹೇಳ್ತದೇನ್ರಿ? ವೇಳೆ ಮುಗದ ಬಸ್ ತೋರಸ್ಕೋತ ಕುಂತ್ರ ಮಂದಿ ಸುಮ್ಮ ಕಾಯ್ಕೋತ ನಿಂದರಬೇಕೇನು? ನಾನೂ ಬಸ್ಸಿನ್ಯಾಗೇ ಅಡ್ಡಾಡ್ದಾಕಿ ಇದ್ದೇನಿ.”

“ನೀವು ಬೀದರ ಸ್ಟ್ಯಾಂಡಿನ್ಯಾಗ ಹತ್ತಿ ಕಿಡಕಿ ಬಾಜೂ ಸೀಟ್ ಹಿಡದು ಅಡ್ಡಾಡೀರಿ” ಅಂದೆ. ನನ್ನ ದನಿ ನನಗೇ ಜೋರು ಕೇಳಿಸಿತು. “ಐತವಾರ ನಮ್ಮ ಊರಿಗಿ ಬರ್ರಿ. ಊಟ ಮಾಡೋಣ. ವಾಪಸ್ ಹೋಗೂಮುಂದ ಕ್ರಾಸಿನ್ಯಾಗ ನಿಂದರ್ರಿ. ಆಮ್ಯಾಲ ಮಾತಾಡೋಣ.”

ಬಂದರು. ಮೊಬೈಲಿನಲ್ಲಿ ತಮ್ಮ ಹೊಸ ಕೋಡನ್ನೇ ಹಾಕಿಕೊಂಡು, ಯುದ್ಧಕ್ಕೆ ಬಂದವರಂತೆ ಬಂದರು. ಅತ್ತೆಗೆ ಹಿಗ್ಗೋ ಹಿಗ್ಗು. ಹೋಳಿಗೆ ಮಾಡಿದ್ದರು, ಮೇಲೆ ಮೇಲೆ ತುಪ್ಪ ಸುರಿದರು. ಊಟದಲ್ಲಿ ಕೋಡಿನ ಮಾತು ಬರಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಬೀದರಿಗೆ ಹೋಗುವ ಬಸ್ಸಿಗಾಗಿ ಇಬ್ಬರೂ ಕ್ರಾಸಿಗೆ ನಡೆದು ಬಂದೆವು. ಬೇವಿನ ಗಿಡದ ಕೆಳಗೆ ನಿಂತೆವು. ಮೇಡಮ್ ಮೊಬೈಲು ತೆಗೆದು ನೋಡಿದರು. ನೋಡುನೋಡುತ್ತಿರುವಂತೆಯೇ ಬಸ್ಸಿನ ವೇಳೆಯಾಯಿತು, ಬಸ್ಸು ಪರದೆಯಿಂದ ಅಳಿಸಿಹೋಯಿತು.

“ಹೋತಲ್ರಿ!” ಎಂದು ಮೇಡಮ್ ಹೌಹಾರಿದರು. “ನಿಮ್ಮತ್ತಿ ಹೋಳಗಿ ಬಡಸಿ ಬಡಸಿ ಬಸ್ ತಪ್ಪಸಿದ್ರು ನೋಡ್ರಿ! ಮುಂದಿಂದು ಭಾಳ ಹೊತ್ತು ಅದ. ಆಟೋ, ಏ ಆಟೋ!”

ದೂರದಲ್ಲಿ ಹೋಗುತ್ತಿದ್ದ ಆಟೋಕ್ಕೆ ಕೈ ಬೀಸುತ್ತ ರಸ್ತೆಗೇ ಇಳಿದರು. ನಾನು ಅವರ ತೋಳು ಹಿಡಿದೆ.

“ನಿಂದರ್ರಿ ಮೇಡಮ್.”

“ಯಾಕ್ರಿ? ಮೊಬೈಲ್‌ನ್ಯಾಗ ಇಲ್ಲಲ್ರಿ!”

“ಆ ಮೊಬೈಲ್‌ನ್ಯಾಗಿಂದು ಯಾರು ಬರದಾರ?”

ಅವರು ಬೀಸುತ್ತಿದ್ದ ಕೈ ಇಳಿಸಿದರು. ಅಷ್ಟರಲ್ಲಿ ತಿರುವಿನ ಆಚೆ ಹಾರ್ನು ಕೇಳಿಸಿತು. ಭಾಲ್ಕಿ ಕಡೆಯಿಂದ ಬಸ್ಸು ಬಂತು. ತುಂಬಿ ತುಳುಕುತ್ತಿತ್ತು, ಬಾಗಿಲಲ್ಲಿ ಯಾರದೋ ಮೇಕೆಯೂ ನಿಂತಿತ್ತು. ಕಂಡಕ್ಟರು ತಲೆ ಹೊರಗೆ ಹಾಕಿ, “ಬೀದರ, ಬೀದರ, ಜಲ್ದಿ ಹತ್ರಿ ಅಕ್ಕೋರ” ಎಂದು ಕೂಗಿದರು. ಮೇಡಮ್ ಒಮ್ಮೆ ಬಸ್ಸು ನೋಡಿದರು, ಒಮ್ಮೆ ಕೈಯಲ್ಲಿದ್ದ ಮೊಬೈಲು ನೋಡಿದರು. ಹತ್ತಿದರು. ಬಸ್ಸು ಹೊರಟಿತು. ಹತ್ತು ಮಾರು ಹೋದ ಮೇಲೆ, ಜನರ ನಡುವಿನಿಂದ ಹೇಗೋ ಕಿಡಕಿಗೆ ತಲೆ ತೂರಿಸಿ ಆ ಗಿಡ್ಡ ಹೆಂಗಸು ಇಡೀ ರಸ್ತೆಗೆ ಕೇಳುವಂತೆ ಕೂಗಿದರು:

“ಬ್ಯಾಡ ಅಂದದ್ದು ಬರೋಬರಿ ಅದ್ರೀ! ಬರೋಬರಿ ಅದ!”

ಮೇಡಮ್ ಬೇಕಂತಲೇ ತಪ್ಪು ಬರೆದು ನಮ್ಮನ್ನು ಪರೀಕ್ಷೆ ಮಾಡಿದರು ಎಂದು ಮೇಷ್ಟ್ರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಆಟೋಕ್ಕೆ ಕೈ ಬೀಸಿದ ಹೆಂಗಸಿನ ಗಾಬರಿ ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪು ತಪ್ಪೇ. ತಪ್ಪಾದದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ಮಾತ್ರ ನಾನು ಬೇರೆ ಕಂಡಿಲ್ಲ.

ಮುಂದಿನ ಐತವಾರ ಮೈಲೂರಿಗೆ ಹೋದಾಗ ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ಸೇರಿಸುವ ಅಧಿಕಾರವನ್ನು ನನ್ನ ಹೆಸರಿಗೆ ಮಾಡಿದರು, ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಹಾರ ತರಬೇಕಿತ್ತೇನೋ ಎಂದು ಭಾಯ್ ಒದ್ದಾಡಿದರು. “ಹಾರ ಬ್ಯಾಡ, ಟೆಂಪೋ ತರ್ರಿ” ಅಂದರು ಮೇಡಮ್. ಟೆಂಪೋ ಬಂತು. ಡ್ರೈವರನ ಪಕ್ಕ ಕೂತು, ಮಡಿಲಲ್ಲಿ ಬುದ್ಧನ ಪಟ ಇಟ್ಟುಕೊಂಡು, ಶಾಲೆಗೆ ರಜೆ ಬಿಟ್ಟ ಹುಡುಗಿಯ ಹಾಗೆ ಹೊರಟರು. ನನಗೆ ಅಳು ಬಂತು. ಸಂತೋಷಕ್ಕೇ ಬಂತು, ಆದರೂ ಬಂತು.

ಎಕಂಬಾದಿಂದ ಅವರ ತಿದ್ದಿದ ಬದಲಾವಣೆ ಬಂತು. ವೇಳೆಯಾದ ಮೇಲೂ ಬಸ್ಸನ್ನು ಸ್ವಲ್ಪ ಹೊತ್ತು ಪರದೆಯ ಮೇಲೆ ಉಳಿಸಿ, ‘ಇನ್ನೂ ಬರಬಹುದು’ ಎಂದು ತೋರಿಸುವಂತೆ ಬರೆದಿದ್ದರು. ಓದಿದೆ. ಹೊರಡುವ ಊರಿಗೂ ನಡುದಾರಿಯ ಕ್ರಾಸಿಗೂ ಒಂದೇ ‘ಸ್ವಲ್ಪ ಹೊತ್ತು’ ಇಟ್ಟಿದ್ದರು. ದೂರ ಹೋದಷ್ಟೂ ತಡ ಹೆಚ್ಚಾಗಬೇಕಲ್ಲ? ಮತ್ತೆ ಬೇಡ ಎಂದು ಬರೆದೆ. ಈ ಸಲ ಸಿಟ್ಟೂ ಬೇಕಾಗಲಿಲ್ಲ. ಉತ್ತರ ಬಾರದಿದ್ದಾಗ ಫೋನು ಮಾಡಿದೆ. ಎತ್ತಿದ್ದು ಅಕ್ಕ.

“ಅದೇನ್ ಬರದೀಯವ್ವಾ ಆಕಿಗಿ?” ಅಂದರು. “ಓದಿ ಒಬ್ಬಾಕೇ ಕುಂತು ನಕ್ಕಳು. ಆ ಲ್ಯಾಪ್‌ಟಾಪ್ ಡಬ್ಬಿ ಮುಚ್ಚಿಟ್ಟು ಹೊಲಕ್ಕ ಹೋಗ್ಯಾಳ. ತೊಗರಿ ರಾಶಿ ನಡದದ.”

“ಯಾವಾಗ ತಿದ್ದಿ ಕಳಸ್ತಾರಂತ್ರಿ?”

“ನನಗೇನ್ ಖಬರ್? ‘ಅರ್ಜೆಂಟ್ ಇದ್ರ ಅವರೇ ಮಾಡ್ಕೋತಾರ, ಅವರಿಗೆ ಬರ್ತದ’ ಅಂದಾಳ.”

ನಾನೇ ಮಾಡಿದೆ. ಕ್ರಾಸಿನಲ್ಲಿ ನಿಂತು ನಿಂತು ನೋಡಿದ್ದನ್ನೆಲ್ಲ ಹಾಕಿ ಬರೆದೆ. ಚೆನ್ನಾಗಿಯೇ ಬಂದಿದೆ ಅನ್ನಿಸಿತು. ಅಧಿಕಾರ ನನ್ನ ಕೈಯಲ್ಲೇ ಇದ್ದರೂ ನನ್ನದನ್ನು ನಾನೇ ಸೇರಿಸುವ ಹಾಗಿಲ್ಲ. ಇನ್ನೊಬ್ಬರು ಓದಲಿ ಎಂದು ಕಳಿಸಿಟ್ಟು, ಹೂವಿಗಾಗಿ ಕಾಯುತ್ತ ಪಾಠಕ್ಕೆ ಹೋದೆ. ಬಂದು ನೋಡಿದರೆ ಔರಾದಿನ ಮೇಷ್ಟ್ರು ಬರೆದಿದ್ದರು:

“ಬ್ಯಾಡ್ರಿ ಅಕ್ಕೋರ. ಔರಾದ ಸಂತಿ ದಿನ ಇದು ನಡಿಯಂಗಿಲ್ಲ. ಅವತ್ತ ಬಸ್ ಇನ್ನೂ ತಡಾ ಆಗ್ತಾವ, ಮಂದಿನೂ ಭಾಳ. ಅದನ್ನೂ ನೋಡಿ, ತಿದ್ದಿ ಕಳಸ್ರಿ.”

ಭಲೇ ಮೇಷ್ಟ್ರೇ! ಮೊದಲು ಮೈ ಉರಿಯಿತು. ಇಷ್ಟು ವರ್ಷ ಹೂಂ ಹೂಂ ಅಂದವರಿಗೆ ಈಗ, ನನ್ನ ಸರದಿಗೇ ಬಾಯಿ ಬರಬೇಕೇ? ಮತ್ತೊಮ್ಮೆ ಓದಿದೆ. ಅವರು ಹೇಳಿದ್ದು ಸರಿಯಿತ್ತು. ಮತ್ತೊಮ್ಮೆ ಓದಿದೆ, ಖುಷಿಗೆ. ಇದನ್ನು ಮೇಡಮ್‌ಗೆ ಹೇಳಲೇಬೇಕೆಂದು ಫೋನು ಕೈಗೆ ತೆಗೆದುಕೊಂಡೆ. ನಂಬರು ಒತ್ತಲು ಹೋಗಿ ಬಿಟ್ಟೆ. ಇಷ್ಟೊತ್ತಿಗೆ ಅಕ್ಕತಂಗಿಯರಿಬ್ಬರೂ ಹೊಲದಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಇರಲಿ, ಉಣ್ಣಲಿ.